ಪ್ಯಾರಿಸ್ಸಿನ ರೂಮಿನಲ್ಲಿ ಕೊಳೆತ ಕಾಯಿಯ ವಾಸನೆ

ದೆವ್ವ, ಗಾಳಿ, ಮಾಟ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ. ನಮ್ಮ ಬಿಳಿಗೆರೆಯಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಕತೆ ಇದೆ. ಅವರು ಶುರು ಮಾಡಿದರೆ ನಾನು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕು ಅಂತ ಏನೂ ಇಲ್ಲ. ನಾನೇ ಪೂರ್ತಿ ನಂಬಿಲ್ಲ.

ನನ್ನ ಅಳಿಯ ಲೋಕೇಶ ನನ್ನ ತಮ್ಮನ ಮಗನೇ. ತುರುವೇಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಕೆಲವು ವರ್ಷಗಳ ಹಿಂದೆ, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಪ್ಯಾರಿಸ್ಸಿಗೆ ಕರೆದುಕೊಂಡು ಹೋದರು, ಗಂಡ ಹೆಂಡತಿಗೆ ಮಾತ್ರ. ನನ್ನ ಮಗಳು ಯಶೋದ, ಪುಟ್ಟಿಯನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಳು. ಪುಟ್ಟಿಗೆ ಆಗ ಏಳು ವರ್ಷ. ಅವಳಿಗೆ ಗೂರಲು. ಧೂಳು, ತಂಡಿ ತಗುಲಿದರೆ ಉಸಿರು ಕಟ್ಟಿ ತುಟಿ ನೀಲಿಯಾಗುತ್ತದೆ. ಮಗುವನ್ನು ನೋಡಿಕೊಳ್ಳಲಿ ಅಂತ ನನ್ನನ್ನೂ ಹೊರಡಿಸಿದರು. ನಮ್ಮಿಬ್ಬರ ಟಿಕೆಟ್ಟು ಲೋಕೇಶನ ಕೈಯಿಂದ. ಕಂಪನಿಯ ಹೋಟೆಲಿನಲ್ಲಿ ಒಂದು ರೂಮಿಗೆ ಇಬ್ಬರೇ ಅಂತ ಅಲ್ಲಿಗೆ ಹೋದಮೇಲೆ ಹೇಳಿದರು. ಇನ್ನೊಂದು ರೂಮಿನ ಬಾಡಿಗೆ ಕೇಳಿ ಲೋಕೇಶನ ಮುಖ ಇಳಿದುಹೋಯಿತು. ಯಶೋದ ಮಗುವನ್ನು ಬೇರೆ ಕಡೆ ಮಲಗಿಸಲು ಒಪ್ಪಲಿಲ್ಲ, ಹಾಗಾಗಿ ನಾಲ್ಕು ಜನವೂ ಪೆಟ್ಟಿಗೆ ಎಳೆದುಕೊಂಡು ಅಗ್ಗದ ರೂಮು ಹುಡುಕಲು ಬೀದಿಗಿಳಿದೆವು. ಚೆಂದ ಇಲ್ಲದಿದ್ದರೂ ಸರಿ, ಮಗು ಉಸಿರಾಡುವಂಥ ರೂಮು ಸಿಕ್ಕಿದರೆ ಸಾಕಿತ್ತು.

ಎಂಥ ಗಲೀಜು ಅಂತೀರಿ. ಮೊದಲನೆಯ ಕಡೆ ಗೋಡೆಯೆಲ್ಲ ಬೂಷ್ಟು. ಎರಡನೆಯ ಕಡೆ ಇಡೀ ಮಾಳಿಗೆಗೆ ಒಂದು ಕಕ್ಕಸು, ಅದರಲ್ಲೂ ನೀರಿಲ್ಲ, ಬರೀ ಕಾಗದ. ಅಷ್ಟು ದೊಡ್ಡ ಊರು ಕಟ್ಟಿದವರಿಗೆ ಒಂದು ಚೊಂಬು ನೀರು ಇಡಬೇಕು ಅಂತ ಗೊತ್ತಾಗಲಿಲ್ಲ. ಮೂರನೆಯ ಕಡೆ ಹಾಸಿಗೆಯ ಮೇಲೆ ಹಳದಿ ಕಲೆ, ಬಚ್ಚಲ ತೂತಿನಲ್ಲಿ ಯಾರದೋ ಕೂದಲಿನ ಉಂಡೆ.

"ಇಲ್ಲಿ ನಾಯಿನೂ ಮಲಗಲ್ಲ ಕಣೇ, ನಡಿ," ಅಂದೆ ಯಶೋದಳಿಗೆ.

"ಅತ್ತೆ, ನೀನು ಮಲಗಕ್ ಬಂದಿದೀಯಾ, ಹೆಣ್ಣು ನೋಡಕ್ ಬಂದಿದೀಯಾ?" ಅಂದ ಲೋಕೇಶ. ಕಾಲು ನೋಯುತ್ತಿದ್ದುದರಿಂದ ನಗು ಬರಲಿಲ್ಲ.

ನಾಲ್ಕನೆಯದು ಒಂದು ಸಂದಿಯಲ್ಲಿತ್ತು. ರಾತ್ರಿ ಗಂಟೆ ಎಂಟಾಗಿದ್ದರೂ ಆ ದೇಶದಲ್ಲಿ ಇನ್ನೂ ಬಿಸಿಲು. ದೊಡ್ಡ ರೂಮು, ನಾಲ್ಕು ಮಂಚ, ಮರದ ನೆಲ, ಒಗೆದ ಬಿಳಿ ಹಾಸು, ಎರಡು ಕಿಟಕಿ. ಬಾಡಿಗೆ ಮಾತ್ರ ಆ ಕೂದಲಿನ ರೂಮಿಗಿಂತ ಕಡಿಮೆ. ಲೋಕೇಶ ಹಿಂದೆಮುಂದೆ ನೋಡದೆ ಹಣ ಕಟ್ಟಿಬಿಟ್ಟ.

ನಾನು ಒಳಗೆ ಕಾಲಿಟ್ಟೆ. ಕೊಳೆತ ಕಾಯಿಯ ವಾಸನೆ ಬಡಿಯಿತು.

ಕೊಬ್ಬರಿ ಮಾಡುವುದನ್ನು ನೋಡದವರಿಗೆ ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಮನೆಯ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಇಡೀ ಉಂಡೆಯಾಗುತ್ತದೆ, ಅದೇ ಗಿಟುಕು. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ನಡುವೆ ಒಂದು ಕಾಯಿ ಕೊಳೆತರೆ ಕೆಳಗೆ ಮಲಗಿದವರು ಊಟ ಬಿಡಬೇಕು, ಅಂಥ ವಾಸನೆ. ಸತ್ತ ಇಲಿಯದಲ್ಲ, ಚರಂಡಿಯದಲ್ಲ. ಸಿಹಿಯಾಗಿ ಶುರುವಾಗಿ ಗಂಟಲಿಗೆ ಬಂದು ಕೂರುತ್ತದೆ. ಸಾವಿರ ಕಾಯಿಯ ರಾಶಿಯಲ್ಲಿ ಆ ಒಂದನ್ನು ಮೂಗಿನಿಂದಲೇ ಹುಡುಕಿ ಆಚೆ ಎಸೆದವಳು ನಾನು. ಈ ವಾಸನೆಯಲ್ಲಿ ನನಗೆ ತಪ್ಪಾಗುವುದಿಲ್ಲ.

ನಮ್ಮ ಗಂಟಿನದೇ ಇರಬೇಕು ಅಂದುಕೊಂಡೆ. ಊರಿಂದ ಹತ್ತು ಗಿಟುಕು ತಂದಿದ್ದೆವು. ಬಚ್ಚಲ ಕಲ್ಲಿಗೆ ಕುಕ್ಕಿ ಒಂದೊಂದನ್ನೇ ಒಡೆಯತೊಡಗಿದೆ.

"ಮ್ಯಾನೇಜರ್ ಸಾಹೇಬ್ರಿಗೆ ಕೊಡಕ್ ತಂದಿದ್ದು ಕಣತ್ತೆ ಅವು," ಅಂದ ಲೋಕೇಶ.

"ಕೊಳ್ತಿರೋದನ್ನ ಕೊಟ್ಟು ಉಗಿಸ್ಕತೀಯಾ? ಸುಮ್ನಿರು."

ಹತ್ತೂ ಹಾಲಿನ ಹಾಗೆ ಬೆಳ್ಳಗಿದ್ದವು. ವಾಸನೆ ಹಾಗೇ ಇತ್ತು.

ಅಟ್ಟದಲ್ಲಿ ಮಾಡುವ ಹಾಗೆ ಮೂಗು ತೋರಿಸಿದ ಕಡೆಗೇ ಹೋದೆ. ಅದು ಒಂದು ಹಳೇ ಬೀರುವಿನ ಹಿಂದಕ್ಕೆ ಕರೆದುಕೊಂಡು ಹೋಯಿತು. ಲೋಕೇಶನ ಕೈಲಿ ಬೀರು ಎಳೆಸಿದೆ. ಹಿಂದೆ ಸುಣ್ಣ ಬಳಿದ ಬರೀ ಗೋಡೆ. ನನ್ನ ಎದೆಯ ಎತ್ತರಕ್ಕೆ ಅಂಗೈಯಗಲ ಜಾಗದಲ್ಲಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಗೇಣು ಪಕ್ಕಕ್ಕೆ ಸರಿದರೆ ಏನೂ ಇಲ್ಲ. ಬೆರಳ ಗಿಣ್ಣಿನಿಂದ ಅಲ್ಲಿ ತಟ್ಟಿದೆ. ಒಳಗೆ ಗುಡುಗುಡು ಅಂದಿತು. ಚಿಪ್ಪಿನೊಳಗೆ ಗಿಟುಕು ಆಡಿದ ಸದ್ದು. ಇನ್ನೊಮ್ಮೆ ತಟ್ಟಿದೆ. ಇನ್ನೊಮ್ಮೆ ಅಂದಿತು.

"ನೀರಿನ ಪೈಪು ಕಣತ್ತೆ," ಅಂದ ಲೋಕೇಶ. ಇರಬಹುದು. ನಾನು ಪೈಪು ಹಾಕುವವಳಲ್ಲ. ಆದರೆ ನಮ್ಮೂರ ಮನೆಯ ಕಾಯಿ ಅಟ್ಟದ ಕೆಳಗೇ ಹುಟ್ಟಿ ಬೆಳೆದ ಯಶೋದ, ಗೋಡೆಗೆ ಮೂಗು ಹಚ್ಚಿ, "ಯಾವ ವಾಸನೆನೂ ಇಲ್ಲ ಕಣವ್ವ, ವಯಸ್ಸಾಯ್ತು ನಿಂಗೆ," ಅಂದಳು. ಆಗ ನನಗೂ ಅನುಮಾನ ಬಂತು, ಸುಮ್ಮನಾಗೋಣ ಅಂದುಕೊಂಡೆ.

ಮಂಚದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ ಪುಟ್ಟಿ ಮೂಗು ಹಿಡಿದುಕೊಂಡು ಕೇಳಿತು: "ಅಜ್ಜಿ, ಆ ಗೋಡೆ ಒಳಗೆ ಅಟ್ಟ ಐತಾ?"

ಅಲ್ಲಿಯವರೆಗೆ ಅಟ್ಟದ ಮಾತನ್ನು ಯಾರೂ ಎತ್ತಿರಲಿಲ್ಲ. ಮಗುವಿಗೆ ಅಟ್ಟದ ವಾಸನೆ ಗೊತ್ತಿರಲು ದಾರಿಯೂ ಇಲ್ಲ. ಅದು ಹುಟ್ಟುವ ಮೊದಲೇ ನಾವು ಮನೆಯ ಅಟ್ಟ ಕೀಳಿಸಿ, ಕಾಯಿಯನ್ನು ತೋಟದ ಶೆಡ್ಡಿಗೆ ಸಾಗಿಸಿದ್ದೆವು. ಧೂಳಿಗೆ ಹೆದರಿ ಮಗುವನ್ನು ಆ ಶೆಡ್ಡಿನ ಹತ್ತಿರಕ್ಕೂ ಬಿಟ್ಟವರಲ್ಲ. ನಾನು ಅದರ ಮುಖ ನೋಡುತ್ತಿದ್ದ ಹಾಗೇ ಅದರ ಎದೆ ಸುಯ್ ಸುಯ್ ಅನ್ನತೊಡಗಿತು. ಬೀರು ಎಳೆದ ಧೂಳಿಗೆ ಅಂದ ಲೋಕೇಶ. ಅದೂ ಇರಬಹುದು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಬೀದಿಯಲ್ಲಿ ಉಸಿರಿನ ಪಂಪು ಒತ್ತುವ ಮೊದಲೇ ಸದ್ದು ನಿಂತಿತ್ತು.

ಇನ್ನು ಆ ರೂಮು ಬೇಡ ಅಂತ ಪೆಟ್ಟಿಗೆ ಇಳಿಸಿಕೊಂಡು ಕೆಳಗೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತೆವು. ಅಲ್ಲಿ ಕೂತಿದ್ದವನು ಹಣ ವಾಪಸು ಕೊಡಲಿಲ್ಲ. ಯಾಕೆ ಹೋಗುತ್ತಿದ್ದೀರಿ ಅಂತಲೂ ಕೇಳಲಿಲ್ಲ. ಬೀಗದ ಕೈಯನ್ನು ಮೊಳೆಗೆ ತಗುಲಿಸಿದ. ಲೋಕೇಶ ಅವನ ಹತ್ತಿರ ಕೈಬಾಯಿ ಮಾಡುತ್ತಿದ್ದಾಗಲೇ ಇನ್ನೊಂದು ಸಂಸಾರ ಬಂತು. ಗಂಡ, ಹೆಂಡತಿ, ಅವಳ ತೋಳಿನಲ್ಲಿ ಮೊಲೆ ಕುಡಿಯುವ ಕೂಸು. ಯಾವ ದೇಶದವರೋ. ಅದೇ ಮೊಳೆಯಿಂದ ಅದೇ ಬೀಗದ ಕೈ ತೆಗೆದು ಅವರ ಕೈಗಿಟ್ಟ.

ನಾನು ಪುಟ್ಟಿಯನ್ನು ಕೆಳಗಿಳಿಸಿ, ಆ ಹೆಂಗಸಿನ ಮುಂದೆ ನಿಂತು, ಮೂಗು ಹಿಡಿದು ಮೇಲಕ್ಕೆ ಕೈ ತೋರಿಸಿ ಬೇಡ ಬೇಡ ಅಂತ ತಲೆಯಾಡಿಸಿದೆ. ಅವಳು ಕೂಸು ಹೇತಿದೆ ಅಂದುಕೊಂಡಳು. ಅಲ್ಲೇ ಅದರ ಬಟ್ಟೆ ಸರಿಸಿ ನೋಡಿ, ಇಲ್ಲ, ಒಣಗೇ ಇದೆ ಅಂತ ನನಗೂ ತೋರಿಸಿ, ನಕ್ಕು ಮೆಟ್ಟಿಲು ಹತ್ತಿದಳು.

ನಾವು ತಿರುಗಿ ಆ ಕೂದಲಿನ ರೂಮಿಗೇ ಹೋದೆವು. ಆ ಹೇಸಿಗೆ ಹಾಸಿಗೆಯಲ್ಲಿ ಪುಟ್ಟಿ ಒಂದು ಸಲವೂ ಕೆಮ್ಮದೆ ಬೆಳಗಿನವರೆಗೂ ಮಲಗಿತು. ಬೆಳಿಗ್ಗೆ ಕಂಪನಿಯ ಬಸ್ಸು ಬರುವ ಮೊದಲು, ಒಂದು ಸಲ ಆ ಸಂದಿಗೆ ಹೋಗಿ ನೋಡಿಕೊಂಡು ಬಾ ಅಂದೆ ಲೋಕೇಶನಿಗೆ.

"ಹೋಗಿ ಏನಂತ ಕೇಳ್ಲಿ? ನಿಮ್ ಗೋಡೆ ಒಳಗೆ ಕಾಯಿ ಐತಾ ಅಂತಲಾ?" ಅಂದ. ಅವನು ಹೋಗಲಿಲ್ಲ.

ಆ ವಾಸನೆ ಏನು, ನನಗೆ ಗೊತ್ತಿಲ್ಲ. ಹಳೇ ಪೈಪಿರಬಹುದು, ಸತ್ತ ಪಾರಿವಾಳವಿರಬಹುದು, ನನ್ನ ಮುದಿಮೂಗಿರಬಹುದು. ಮಗು ಹೇಳಿದ ಮಾತಿಗೆ ಮಾತ್ರ ಇದ್ಯಾವುದೂ ಹೊಂದುವುದಿಲ್ಲ. ಪುಟ್ಟಿಯನ್ನೇ ಕೇಳಿದರೆ ಹಾಗೆ ಅಂದದ್ದೇ ನೆನಪಿಲ್ಲ ಅನ್ನುತ್ತಾಳೆ. ನನಗೆ ಅಸಹ್ಯವಾಗುವುದು ಆ ವಾಸನೆಯನ್ನು ನೆನೆದಲ್ಲ. ನಾನು ಬೀಗದ ಕೈ ಕಿತ್ತುಕೊಳ್ಳಬಹುದಿತ್ತು, ಮೆಟ್ಟಿಲಿಗೆ ಅಡ್ಡ ಕೂರಬಹುದಿತ್ತು. ನಮ್ಮ ಮಗು ಹೊರಗೆ ಬಂತಲ್ಲ, ಸಾಕು ಅಂತ ಪೆಟ್ಟಿಗೆ ಎಳೆದುಕೊಂಡು ಹೋದೆ. ಆ ಕೂಸು ಬೆಳಿಗ್ಗೆ ಎದ್ದಿತೋ ಇಲ್ಲವೋ ನನಗೆ ತಿಳಿಯದು. ಎದ್ದೇ ಇರುತ್ತದೆ ಅನ್ನುತ್ತಾಳೆ ಯಶೋದ. ಅವಳೂ ಹೋಗಿ ನೋಡಲಿಲ್ಲ.