ಒದ್ದೆ ಕೈಯ ವರ

ನಮ್ಮಪ್ಪನ ಪ್ರಕಾರ ಜಗತ್ತಿನಲ್ಲಿ ನಾಲ್ಕೇ ನಮೂನೆಯ ಮನುಷ್ಯರಿದ್ದರು. ಬೆಚ್ಚಗಿನ ಕೈಯವರು, ಒಣ ಕೈಯವರು, ತಣ್ಣನೆ ಕೈಯವರು, ಒದ್ದೆ ಕೈಯವರು. ಐದನೆಯ ನಮೂನೆಯವನು ಅವನಿಗೆ ಎಂದೂ ಸಿಗಲಿಲ್ಲ. ಸಿಕ್ಕಿದ್ದರೂ ಈ ನಾಲ್ಕರೊಳಗೇ ಎಲ್ಲೋ ಒಂದು ಕಡೆ ಒತ್ತಿ ಕೂರಿಸಿಬಿಡುತ್ತಿದ್ದ.

ರೋಣದ ಪೇಟೆಯಲ್ಲಿ ಅವನದು ದಲಾಲಿ ಅಂಗಡಿ. ಜೋಳ, ಕಡಲೆ, ಹತ್ತಿ. ಆಗೆಲ್ಲ ದರವನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸುತ್ತಿದ್ದರು. ಒಳಗೆ ಬೆರಳು ಒತ್ತಿ ದರ ಹೇಳುವುದು, ಬೆರಳು ಒತ್ತಿಯೇ ಒಲ್ಲೆ ಅನ್ನುವುದು. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡಿದ್ದಷ್ಟೇ ಕಾಣಬೇಕು. ಇಪ್ಪತ್ತು ವರ್ಷ ಹೀಗೆ ಸುತ್ತ ಹಳ್ಳಿಯವರ ಕೈ ಹಿಡಿದೂ ಹಿಡಿದೂ ಅಪ್ಪನಿಗೆ ತಾನು ಮನುಷ್ಯರನ್ನು ಓದಬಲ್ಲೆ ಎಂಬ ನಂಬಿಕೆ ಬಂದುಬಿಟ್ಟಿತ್ತು.

ಬೆಚ್ಚಗಿನ ಕೈಯವನು ಮಾತಿಗೆ ತಪ್ಪುವುದಿಲ್ಲ. ಒಣ ಕೈಯವನು ಜಿಪುಣ, ಆದರೆ ಪ್ರಾಮಾಣಿಕ. ತಣ್ಣನೆ ಕೈಯವನಿಗೆ ಎರಡು ಮನಸ್ಸು. ಒದ್ದೆ ಕೈಯವನನ್ನು ಮಾತ್ರ ಹೊಸ್ತಿಲ ಒಳಗೆ ಬಿಟ್ಟುಕೊಳ್ಳಬಾರದು, ಅವನು ಇವತ್ತು ಹೂಂ ಅಂದು ನಾಳೆ ಎದುರಿನ ಅಂಗಡಿಗೆ ಹೋಗುವವನು. ಇದು ಅಪ್ಪನ ಶಾಸ್ತ್ರ. ಈ ಶಾಸ್ತ್ರದ ವಿಶೇಷ ಅಂದರೆ ಅದು ಎಂದೂ ಸುಳ್ಳಾಗುತ್ತಿರಲಿಲ್ಲ. ಜಕ್ಕಲಿಯ ರೈತನೊಬ್ಬ, ಕೈ ಬಿಸಿ ರೊಟ್ಟಿಯ ಹಾಗಿತ್ತಂತೆ, ಕಡಲೆ ಕೊಡುತ್ತೇನೆ ಎಂದು ಹೋದವನು ಸೀದಾ ಎದುರಿನ ಅಂಗಡಿಯಲ್ಲಿ ಚೀಲ ಇಳಿಸಿದ. ಅವತ್ತು ಅವನಿಗೆ ಜ್ವರ ಇದ್ದಿರಬೇಕು ಅಂದ ಅಪ್ಪ. ಮೆಣಸಗಿಯ ಮುದುಕನೊಬ್ಬನ ಕೈ ಯಾವಾಗಲೂ ಒದ್ದೆ, ಆದರೆ ವರ್ಷವರ್ಷವೂ ತಪ್ಪದೆ ನಮ್ಮ ಅಂಗಡಿಗೇ ಬರುತ್ತಿದ್ದ. ಹೊಳೆದಂಡೆಯವರ ಕೈಯಲ್ಲಿ ನೀರಿನ ಅಂಶ ಜಾಸ್ತಿ, ಅವರನ್ನು ಬೇರೆ ತೂಗಬೇಕು ಅಂದ. ಇಷ್ಟು ಗಟ್ಟಿಯಾದ ಶಾಸ್ತ್ರವನ್ನು ಕೆಡವುವುದು ಯಾರಿಂದ ಸಾಧ್ಯ?

ಅಕ್ಕನ ಮದುವೆಯನ್ನೂ ಅವನು ಹೀಗೆಯೇ ಮಾಡಿದ್ದ. ನೋಡಲು ಬಂದ ವರನ ಕೈ ಹಿಡಿದು, ಮೇಲೆ ವಲ್ಲಿ ಹೊದಿಸಿ, ಕಣ್ಣು ಮುಚ್ಚಿ ಎರಡು ನಿಮಿಷ ಕೂತು, ಬೆಚ್ಚಗಿದೆ ಅಂದ. ಮದುವೆ ಆಯಿತು. ಆ ಬೆಚ್ಚಗಿನ ಕೈಯ ಭಾವ ಅಕ್ಕನ ಜೊತೆ ವರ್ಷಕ್ಕೆ ಹತ್ತು ಮಾತು ಆಡಿದ್ದರೆ ಹೆಚ್ಚು. ಆದರೂ ಮಾತಿಗೆ ತಪ್ಪಿಲ್ಲವಲ್ಲ, ಆಡಿದರೆ ತಾನೇ ತಪ್ಪುವುದು ಎಂದು ನಾನು ಅಂದದ್ದಕ್ಕೆ ಅವ್ವ ಲಟ್ಟಣಿಗೆ ತೋರಿಸಿದ್ದಳು.

ಏಕೀಕರಣಕ್ಕೆ ಇನ್ನೂ ಒಂದೆರಡು ವರ್ಷ ಇದ್ದ ಕಾಲ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದೆ. ನನ್ನ ಬಾಯಿ ದೊಡ್ಡದು. ಸಂಜೆ ಓಣಿಯ ಹೆಂಗಸರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪೇಟೆಯವರನ್ನೆಲ್ಲ ಅಣಕಿಸಿ ತೋರಿಸುವುದು ನನ್ನ ನಿತ್ಯದ ಕೆಲಸ. ಹತ್ತಿ ವ್ಯಾಪಾರಿ ಹೇಗೆ ಕೆಮ್ಮುತ್ತಾನೆ, ಹಮಾಲ ಹೇಗೆ ಶಾಪ ಹಾಕುತ್ತಾನೆ, ವಲ್ಲಿಯ ಕೆಳಗೆ ಕೈ ಇಟ್ಟು ನಮ್ಮಪ್ಪ ಹೇಗೆ ದೇವರು ಬಂದವರ ಹಾಗೆ ಕಣ್ಣು ಮುಚ್ಚುತ್ತಾನೆ, ಎಲ್ಲವನ್ನೂ ಮಾಡುತ್ತಿದ್ದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವ್ವನಿಗೆ ಮಾತ್ರ ಇಂಥವಳನ್ನು ಯಾರ ಮನೆಗೆ ಹೇಗೆ ದಾಟಿಸಲಿ ಎಂಬ ಚಿಂತೆ.

ಅಂಥದ್ದರಲ್ಲಿ ಗಜೇಂದ್ರಗಡದ ಮನೆತನದಿಂದ ಒಂದು ಸಂಬಂಧ ಬಂತು. ಹುಡುಗ ನರಗುಂದದಲ್ಲಿ ಮಾಸ್ತರ. ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ಆಗತಾನೆ ಬಂದಿದ್ದರು. ಅವರು ನೋಡಲು ಬರುವ ಹಿಂದಿನ ದಿನವೇ ಅವ್ವ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ನೆಲ ನೋಡಬೇಕು, ಕೇಳಿದ್ದಕ್ಕಷ್ಟೇ ಉತ್ತರ, ನಗು ಬಂದರೆ ತುಟಿ ಕಚ್ಚಬೇಕು. ನಾನು ಕಲ್ಲಿನ ಹಾಗೆ ಕೂರುತ್ತೇನೆ ಎಂದು ಆಣೆ ಮಾಡಿದೆ.

ಮಾಸ್ತರರು ತಮ್ಮ ಕಾಕಾನ ಜೊತೆ ಬಂದರು. ಪಡಸಾಲೆಯಲ್ಲಿ ಜಮಖಾನೆ, ಅವಲಕ್ಕಿ, ಚಹಾ. ನಡೆದು ತೋರಿಸು, ಹಾಡು ಹೇಳು ಎಂದೆಲ್ಲ ಕಾಕಾ ಶುರುಮಾಡುವ ಮೊದಲೇ ಮಾಸ್ತರರು ಜೋಳಿಗೆಯಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಇಪ್ಪತ್ತು ಪ್ರಶ್ನೆ. ಇದಕ್ಕೆ ಉತ್ತರ ಬರೆದರೆ ಮನುಷ್ಯನ ಸ್ವಭಾವ ಯಾವ ವರ್ಗಕ್ಕೆ ಸೇರಿದ್ದು ಎಂದು ಗೊತ್ತಾಗುತ್ತದಂತೆ. ಧಾರವಾಡದಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಓದಿ ತಾವೇ ಕನ್ನಡಕ್ಕೆ ತಂದಿದ್ದರು. ತಮ್ಮ ವಿದ್ಯಾರ್ಥಿಗಳಿಗೆ, ಜೊತೆಯ ಮಾಸ್ತರರಿಗೆ, ಬರುವಾಗ ಬಸ್ಸಿನ ಕಂಡಕ್ಟರನಿಗೂ ಇದನ್ನು ಕೊಟ್ಟು ಬರೆಸಿದ್ದರಂತೆ. ಕಂಡಕ್ಟರ ವಿಚಾರಪ್ರಧಾನ ಎಂದು ಬಂದಿತ್ತು.

ನಾನು ಓದಿದೆ. ನೀವು ಜನಸಮೂಹದಲ್ಲಿ ಸಂತೋಷಪಡುವಿರೋ ಅಥವಾ ಏಕಾಂತದಲ್ಲೋ? ಸಿಟ್ಟು ಬಂದಾಗ ಅದನ್ನು ಪ್ರಕಟಿಸುವಿರೋ ಅಥವಾ ನುಂಗಿಕೊಳ್ಳುವಿರೋ? ನಿಮಗೆ ಅತ್ಯಂತ ಪ್ರಿಯವಾದ ಕೆಲಸ ಯಾವುದು? ಅಡಿಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು, ಅವಳ ಕಣ್ಣು ನನ್ನ ಮೇಲೇ ಇತ್ತು. ಏಕಾಂತ ಎಂದು ಬರೆದೆ. ನುಂಗಿಕೊಳ್ಳುವೆನು ಎಂದು ಬರೆದೆ. ಪ್ರಿಯವಾದ ಕೆಲಸ ಅಡಿಗೆ ಎಂದು ಬರೆಯುವಾಗ ನನ್ನ ಕೈಯೇ ಒಂದು ಗಳಿಗೆ ನಿಂತಿತು. ನಡುವೆ ಮಸಿ ಕಟ್ಟಿಕೊಂಡಾಗ ಮಾಸ್ತರರು ಕೊರಳು ಸರಿಮಾಡಿಕೊಂಡು ತಮ್ಮ ಪೆನ್ನು ಮುಂದೆ ಮಾಡಿ, ಅವಸರ ಇಲ್ಲ, ಸಾವಕಾಶ ಬರೆಯಿರಿ ಅಂದರು. ನನಗೆ ಯಾರೂ ಅದುವರೆಗೆ ಸಾವಕಾಶ ಮಾಡು ಅಂದಿರಲಿಲ್ಲ.

ಅವರು ಉತ್ತರಗಳನ್ನು ಕೂಡಿಸಿ ಫಲಿತಾಂಶ ಹೇಳಿದರು. ಅಂತರ್ಮುಖಿ, ಭಾವಪ್ರಧಾನ, ಮಿತಭಾಷಿ. ಮಿತಭಾಷಿ ಅಂದಾಗ ಬಾಗಿಲಲ್ಲಿ ನಿಂತ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದರು. ಮಾಸ್ತರರಿಗೆ ಸಂತೋಷವೋ ಸಂತೋಷ. ತಾವೂ ಅಂತರ್ಮುಖಿಯೇ, ಇಂಥ ಎರಡು ಸ್ವಭಾವಗಳು ಕೂಡಿದರೆ ಸಂಸಾರ ಶಾಂತವಾಗಿರುತ್ತದೆ ಎಂದು ಪುಸ್ತಕದಲ್ಲಿದೆಯಂತೆ. ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂಬುದೂ ಆ ಪುಸ್ತಕದಲ್ಲಿ ತಿಳಿಯುತ್ತದೆಯೇ ಎಂದು ಕಾಕಾ ಕೇಳಿದರು.

ಆಮೇಲೆ ಅಪ್ಪನ ಸರದಿ. ವಲ್ಲಿ ಬಂತು, ಮಾಸ್ತರರ ಕೈ ಅದರ ಕೆಳಗೆ ಹೋಯಿತು, ಅಪ್ಪ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಅವನ ಮುಖ ಇಳಿದಿತ್ತು. ಅವರು ಬಸ್ಸಿಗೆ ಹೋದ ಮೇಲೆ ಅವ್ವನಿಗೆ ಹೇಳಿದ, ತಣ್ಣಗೂ ಇತ್ತು, ಒದ್ದೆಯೂ ಇತ್ತು, ಎರಡೂ ಒಟ್ಟಿಗೆ ಇರುವ ಕೈಯನ್ನು ತಾನು ಪೇಟೆಯಲ್ಲಿ ಕಂಡೇ ಇಲ್ಲ. ಗಜೇಂದ್ರಗಡ ಗುಡ್ಡದ ಊರು, ಹೊಳೆಯ ನೆಪ ಹೇಳಲಿಕ್ಕೂ ಜಾಗವಿರಲಿಲ್ಲ. ಎರಡು ದಿನಕ್ಕೆ ಹುಡುಗಿ ಒಪ್ಪಿಗೆ ಎಂದು ಗಜೇಂದ್ರಗಡದಿಂದ ಹೇಳಿಕಳಿಸಿದರು. ಸಂತೆಯ ದಿನ ಕಾಕಾ ಪೇಟೆಗೆ ಬರುತ್ತಾರೆ, ಆಗ ಆಗುವುದಿಲ್ಲ ಎಂದು ಹೇಳುತ್ತೇನೆ ಅಂದ ಅಪ್ಪ.

ನನಗೆ ಆ ಮಾಸ್ತರರು ಬೇಕಾಗಿದ್ದರು. ಈ ವಯಸ್ಸಿನಲ್ಲಿ ನಾಚಿಕೆ ಏನು, ಹೇಳಿಬಿಡುತ್ತೇನೆ, ಆ ಇಪ್ಪತ್ತು ಪ್ರಶ್ನೆಗಳಿಂದಲೇ ಬೇಕಾಗಿದ್ದರು. ಹದಿನೆಂಟು ವರ್ಷದಲ್ಲಿ ನಿನಗೆ ಏನು ಇಷ್ಟ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ ಮೊದಲ ಮನುಷ್ಯನಿಗೆ ನಾನು ಇಪ್ಪತ್ತಕ್ಕೆ ಇಪ್ಪತ್ತೂ ಸುಳ್ಳು ಬರೆದು ಕೊಟ್ಟಿದ್ದೆ. ಅವರು ಒಪ್ಪಿದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮವ್ವ ಬರೆಸಿದ ಯಾವಳೋ ಒಬ್ಬಳನ್ನು. ಅಪ್ಪ ಒಲ್ಲೆ ಅಂದರೆ ಆ ಮನುಷ್ಯ ಹೋಗುತ್ತಾನೆ, ಹೂಂ ಅಂದರೆ ಜೀವಮಾನವಿಡೀ ನಾನು ಆ ಯಾವಳೋ ಆಗಿ ಬದುಕಬೇಕು. ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಓಣಿಯ ಹೆಂಗಸರು, ಕಾಗದ ಖರೇನೇ ಹೇಳಿತ್ತಲ್ಲ, ಮಿತಭಾಷಿ ಆಗಿಬಿಟ್ಟಳು ಎಂದು ಬೆರಗಾದರು.

ಸಂತೆಯ ದಿನ ಬೆಳಿಗ್ಗೆ ಅಪ್ಪ ರುಮಾಲು ಸುತ್ತಿಕೊಳ್ಳುತ್ತಿದ್ದ. ನಾನು ಹೋಗಿ ಎದುರಿಗೆ ಕೂತೆ.

"ಅಪ್ಪಾ, ನನ್ನ ಕೈನೂ ಒಮ್ಮೆ ಹಿಡದು ನೋಡು. ವಲ್ಲಿ ಹೊದಿಸಿ ನೋಡು."

ಹುಚ್ಚಿಯಂತೆ ಆಡಬೇಡ ಅಂದ. ನಾನು ಏಳಲಿಲ್ಲ. ಶಾಸ್ತ್ರದ ಮೇಲಿನ ಅಭಿಮಾನ ದೊಡ್ಡದು, ಪರೀಕ್ಷೆ ಮಾಡು ಎಂದು ಕೇಳಿದವರಿಗೆ ಅವನು ಇಲ್ಲ ಅಂದವನಲ್ಲ. ಕೂತ. ವಲ್ಲಿ ಹರವಿದ. ನಾನು ಕೈ ಕೊಟ್ಟೆ. ತೀರಾ ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿದದ್ದು ಬಿಟ್ಟರೆ ಅವನು ನನ್ನ ಕೈ ಹಿಡಿದದ್ದೇ ಇಲ್ಲ. ಕಣ್ಣು ಮುಚ್ಚಿಕೊಂಡ, ಮತ್ತೆ ತೆರೆದ. ಬಟ್ಟೆಯ ಕೆಳಗೆ ಕೈಯನ್ನು ಆಚೀಚೆ ತಿರುಗಿಸಿದ.

"ಒದ್ದಿ ಐತಲ್ಲವಾ," ಅಂದ. "ತಣ್ಣಗೂ ಐತಿ."

"ಹಂಗಾರ ನಾನೂ ಮಾತಿಗೆ ನಿಲ್ಲಾಕಿ ಅಲ್ಲ. ನನ್ನೂ ಹೊಸ್ತಿಲ ದಾಟಿಸಿಬಿಡು."

ಅವನು ಕೈ ಬಿಡಲಿಲ್ಲ. ಹಿಡಿದುಕೊಂಡೇ ಕೇಳಿದ, "ಯಾತಕ್ಕ ಹೆದರೀದಿ?"

"ನೀ ಒಲ್ಲೆ ಅಂತೀ ಅಂತ."

ಅಪ್ಪ ತಲೆ ತಗ್ಗಿಸಿ ವಲ್ಲಿಯನ್ನೇ ನೋಡುತ್ತ ಕೂತ. ಆ ಹುಡುಗನೂ ಇದಕ್ಕೇ ಹೆದರಿದ್ದನೋ ಏನೋ ಎಂದು ತನ್ನಷ್ಟಕ್ಕೆ ಅಂದುಕೊಂಡ. ಆಗ ನನಗೆ ಧೈರ್ಯ ಬಂತು. ಕಾಗದದಲ್ಲಿ ಸುಳ್ಳು ಬರೆದದ್ದನ್ನು ಹೇಳಿದೆ. ಬಾಗಿಲಲ್ಲಿದ್ದ ಅವ್ವ ಹಣೆ ಚಚ್ಚಿಕೊಂಡಳು. ಒಂದೂ ಖರೇ ಬರೆದಿಲ್ಲವೇ ಎಂದು ಅಪ್ಪ ಕೇಳಿದ. ಒಂದೂ ಇಲ್ಲ ಅಂದೆ. ಅವನಿಗೆ ನಗು ಬಂದುಬಿಟ್ಟಿತು. ಮಾಸ್ತರನ ಪುಸ್ತಕವೂ ಸೋತಿತು ಎಂಬ ಖುಷಿ ಅದರಲ್ಲಿ ಸ್ವಲ್ಪ ಇತ್ತು, ನಾನು ಬಲ್ಲೆ.

ಈಗ ಊರಲ್ಲೆಲ್ಲ ಇಂಥ ಪರೀಕ್ಷೆಗಳು, ಇಷ್ಟು ಪ್ರಶ್ನೆಗೆ ಉತ್ತರ ಕೊಡಿ, ನೀವು ಯಾರೆಂದು ಹೇಳುತ್ತೇವೆ ಎನ್ನುವವರು. ಮೊಮ್ಮಕ್ಕಳು ತಂದು ತೋರಿಸುತ್ತಾರೆ. ನಾನು ನಗುತ್ತೇನೆ. ಹೆದರಿದ ಕೈ ಒದ್ದೆಯಾಗುತ್ತದೆ, ಹೆದರಿದ ಹುಡುಗಿ ಏಕಾಂತ ಎಂದು ಬರೆಯುತ್ತಾಳೆ. ಅಷ್ಟು ಬಿಟ್ಟು ಬೇರೇನನ್ನೂ ಆ ಪರೀಕ್ಷೆಗಳು ಕಂಡುಹಿಡಿಯಲಿಲ್ಲ. ಆದರೆ ಅವು ಕೆಲಸಕ್ಕೆ ಬಾರದವು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವುಗಳ ನೆಪದಲ್ಲಿ ಒಬ್ಬ ನನ್ನ ಎದುರಿಗೆ ಕೂತು ಕೇಳಿದ, ಇನ್ನೊಬ್ಬ ನನ್ನ ಕೈ ಹಿಡಿದ.

ಆ ಇಪ್ಪತ್ತು ಪ್ರಶ್ನೆ ನನಗೆ ಬಾಯಿಪಾಠ ಆಗಿದ್ದವು. ಅಪ್ಪ ನಕ್ಕ ಆ ಸಂತೆಯ ದಿನವೇ ಕೂತು ಎಲ್ಲವನ್ನೂ ಹೊಸದಾಗಿ ಬರೆದೆ, ಈ ಸಲ ಅವ್ವನಿಗೆ ಬೆನ್ನು ಹಾಕಿ. ಜನಸಮೂಹ, ಎಷ್ಟು ದೊಡ್ಡದಿದ್ದರೆ ಅಷ್ಟು ಚಲೋ. ಸಿಟ್ಟು ಬಂದರೆ ಪ್ರಕಟಿಸುತ್ತೇನೆ, ಎದುರಿನವರು ಪ್ರಕಟಿಸುವ ಮೊದಲೇ. ಪ್ರಿಯವಾದ ಕೆಲಸದ ಮುಂದೆ, ಪೇಟೆಯವರನ್ನು ಅಣಕಿಸುವುದು, ನೀವು ಪೆನ್ನು ಕೊಡುವಾಗ ಕೊರಳು ಸರಿಮಾಡಿಕೊಂಡದ್ದನ್ನೂ ಕಲಿತಿದ್ದೇನೆ ಎಂದು ಬರೆದೆ. ಕೊನೆಗೆ, ಇದು ಖರೇದು, ಮೊದಲಿನದು ಸುಳ್ಳು, ಈಗ ಬೇಡ ಎನ್ನುವುದಾದರೆ ಬೇಡ ಅನ್ನಿರಿ ಎಂದು ಸೇರಿಸಿದೆ. ಇದನ್ನು ಟಪಾಲಿಗೆ ಹಾಕಲು ನನಗೆ ಧೈರ್ಯವಾಗಲಿಲ್ಲ. ಸಂತೆಯಲ್ಲಿ ಕಾಕಾಗೆ ಎರಡು ದಿನ ತಡೆಯಿರಿ ಎಂದು ಹೇಳಿ, ಅಪ್ಪ ಮರುದಿನ ತಾನೇ ಅದನ್ನು ಅಂಗಿಯ ಒಳಗಿನ ಕಿಸೆಯಲ್ಲಿಟ್ಟುಕೊಂಡು ನರಗುಂದದ ಬಸ್ಸು ಹತ್ತಿದ.

ಅವತ್ತಿನ ಹಗಲು ಎಷ್ಟು ಉದ್ದ ಇತ್ತೆಂದರೆ ನಾನು ಮೂರು ಸಲ ಅಂಗಳ ಗುಡಿಸಿದೆ. ಮಾಸ್ತರರು ಬೇಡ ಅಂದರೆ ತಪ್ಪು ಅವರದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಸಂಜೆ ಅಪ್ಪ ಬಂದವನು ಕಾಲು ತೊಳೆದುಕೊಂಡು ಸೀದಾ ಅಡಿಗೆಮನೆಗೇ ಬಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ.

"ನಿಂತಕೊಂಡ ಓದಿದ," ಅಂದ ಅಪ್ಪ. "ಎರಡ ಸಲ ಓದಿದ. ಸಾಲಿ ಹುಡುಗುರು ನೋಡಾಕತ್ತಿದ್ರು, ಆದರೂ ಒಬ್ಬನ ನಕ್ಕ. ಆಮ್ಯಾಲೆ ನನ್ನ ಕೇಳಿದ, 'ಇವರು ಯಾರ್ರಿ? ನಾವು ಬಂದಾಗ ಇವರನ್ನ ಎಲ್ಲೆ ಮುಚ್ಚಿಟ್ಟಿದ್ರಿ?'"

ಆಮೇಲೆ ಅಪ್ಪ ಇನ್ನೂ ಏನೇನೋ ಹೇಳಿದ. ಅವರು ಈಗಲೂ ಹೂಂ ಅಂದರಂತೆ, ಮೊದಲಿಗಿಂತ ಜೋರಾಗಿ ಹೂಂ ಅಂದರಂತೆ. ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಒಟ್ಟಿಗೆ ಮಾಡಿದೆ. ಅಷ್ಟು ಸಂತೋಷವನ್ನು ನಾನು ಆಮೇಲೆಯೂ ಕೆಲವೇ ಸಲ ಕಂಡಿದ್ದೇನೆ.

ಅವ್ವ ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೂತಿದ್ದಳು. ಮುಖದಲ್ಲಿ ನಗು ಇತ್ತು.

"ನನ್ನೂ ಹಿಂಗ ಮುಚ್ಚಿಟ್ಟ ಕೊಟ್ಟಿದ್ರು," ಅಂದಳು. "ಎಲ್ಲದಾಳ ಅಂತ ಯಾರೂ ಕೇಳಾಕ ಬರಲಿಲ್ಲ."

ಅಪ್ಪ ಹೊರಗೆ ಹೊರಟಿದ್ದವನು ನಿಂತ. ರುಮಾಲು ತೆಗೆದು ಗೂಟಕ್ಕೆ ಹಾಕಿದ. ಮಣೆ ಎಳೆದುಕೊಂಡು ಒಲೆಯ ಮುಂದೆ ಅವಳ ಎದುರಿಗೆ ಕೂತ.

"ಹೇಳು," ಅಂದ. "ಈಗ ಕೇಳಾಕ ಬಂದೀನಿ."

ರೊಟ್ಟಿ ಹೊತ್ತೀತು, ತಡೀರಿ ಅಂದಳು ಅವ್ವ. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಆಮೇಲೆ ಸಾವಕಾಶವಾಗಿ ಹೇಳತೊಡಗಿದಳು.