ಅಜ್ಜಿ ತೊಡಿಸಿದ ಚಪ್ಪಲಿ

ಪಾದಕ್ಕೆ ನಮಸ್ಕರಿಸಲು ನಾನು ಬಗ್ಗಿದೊಡನೆ ಆ ಅಜ್ಜಿ ತನ್ನ ಚಪ್ಪಲಿ ಕಳಚಿ, ನೆಲಕ್ಕೆ ಕೂತು, ಅವನ್ನು ನನ್ನ ಕಾಲಿಗೆ ತೊಡಿಸಲು ಬಂದಳು. ಗಾಬರಿಯಿಂದ ಕಾಲು ಹಿಂದೆಳೆದುಕೊಂಡೆ. ಹಿರಿಯರು ಕಿರಿಯರ ಕಾಲು ಮುಟ್ಟುವುದುಂಟೇ?

ಜಮಖಂಡಿಯ ನಮ್ಮ ಚರ್ಚಿನವರ ಜೊತೆ ಸೇವೆಗೆಂದು ಕೀನ್ಯಾದ ಹಳ್ಳಿಯೊಂದಕ್ಕೆ ಹೋಗಿದ್ದೆ; ಅಲ್ಲಿ ನಾವು ಹೊಕ್ಕ ಮೊದಲ ಮನೆ ಈ ಅಜ್ಜಿಯದು. ಬಡವರಿಗೆ ಹಂಚಲು ಒಯ್ದ ಬಟ್ಟೆಯ ಗಂಟು ಇನ್ನೂ ನನ್ನ ಕಂಕುಳಲ್ಲೇ ಇತ್ತು. ಅಲ್ಲಿಯ ಮಾತು ಬಲ್ಲ ನಮ್ಮ ಪಾಸ್ಟರು ಪಿಸುಗುಟ್ಟಿದರು: “ಅಕ್ಕಾರ, ನೀವು ಬರಿಗಾಲಿಲೆ ಬಂದು ಆಕಿ ಚಪ್ಪಲಿ ಕಡೆ ಕೈ ಚಾಚೀರಿ. ನಿಮಗ ಚಪ್ಪಲಿ ಇಲ್ಲಂತ ತಿಳಿದು ಕೊಡಾಕತ್ತಾಳ್ರಿ. ಒಲ್ಲೆ ಅನಬ್ಯಾಡ್ರಿ, ಮನಸಿಗೆ ಹಚ್ಕೋತಾಳ.”

ಕಾಲು ಮುಂದಿಟ್ಟೆ, ಅಜ್ಜಿ ತೊಡಿಸಿದಳು. ನನ್ನ ಚಪ್ಪಲಿಗಳು ಬಾಗಿಲಾಚೆ ಇದ್ದವು. ನಮ್ಮ ರೂಢಿಯಂತೆ ಹೊರಗೆ ಬಿಟ್ಟು ಒಳಗೆ ಬಂದಿದ್ದೆ. ಹೊರಡುವಾಗ ಅಜ್ಜಿ ಬರಿಗಾಲಲ್ಲೇ ಬಾಗಿಲವರೆಗೂ ಬಂದಳು. ಅವಳೆದುರು ನನ್ನವನ್ನು ಎತ್ತಿಕೊಳ್ಳಲು ಧೈರ್ಯವಾಗಲಿಲ್ಲ. ಅವು ಯಾರವೋ ಎಂಬಂತೆ ದಾಟಿ ಬಂದೆ.

ಅಜ್ಜಿಯ ಆ ಸವೆದ ಚಪ್ಪಲಿಗಳು ಈಗ ನಮ್ಮ ಮನೆಯಲ್ಲಿವೆ. ಹೊರಗೆ ಬಿಡಲು ಮನಸ್ಸಿಲ್ಲ, ಒಳಗಿಡುವ ರೂಢಿಯಿಲ್ಲ. ಕಸ ಗುಡಿಸುವಾಗಲೆಲ್ಲ ಅವನ್ನು ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಡುತ್ತೇನೆ.