ಬಟ್ಟೆ ಹಿಂಡುವ ಸೈನಿಕ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಒಂದು ಚಿತ್ರಪ್ರದರ್ಶನದ ಉಸ್ತುವಾರಿ ನನ್ನದಾಗಿತ್ತು. ಜನಾಂಗೀಯ ಗಲಭೆಯ ಊರುಗಳಲ್ಲಿ ಕಾವಲಿಗಿದ್ದ ಸೈನಿಕರನ್ನು ಕಲಾವಿದೆಯೊಬ್ಬರು ಪೆನ್ಸಿಲ್ಲಿನಲ್ಲಿ ಬಿಡಿಸಿದ್ದರು. ಯಾರ ಗುರುತೂ ಹತ್ತುವುದಿಲ್ಲವೆಂದು ಸೈನಿಕರಿಗೆ ಮಾತು ಕೊಟ್ಟಿದ್ದರಿಂದ ಚಿತ್ರಗಳಲ್ಲೆಲ್ಲ ಬರೀ ಬೆನ್ನುಗಳು. ಗುರುತು ಹತ್ತಿದ ಚಿತ್ರವನ್ನು ಕೂಡಲೇ ಇಳಿಸುವುದೆಂದು ನಾನೂ ಷರತ್ತು ಹಾಕಿದ್ದೆ.

ಸಂಜೆ ಬಂದ, ಪಕ್ಕದ ಉಡುಪಿ ಹೋಟೆಲಿನವರ ತಂಗಿ, ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದ ಸೈನಿಕನ ಚಿತ್ರದೆದುರು ನಿಂತುಬಿಟ್ಟರು.

"ಇವರು ನಮ್ಮ ಮನೆಯವರು."

"ಖಂಡಿತವಾ?"

"ಆ ಎಡಭುಜ ತಗ್ಗಿರುವುದು ನಾನು ನೋಡದ್ದಾ ಸರ್? ಅವರ ಪೋಸ್ಟಿಂಗೂ ಅಲ್ಲೇ. ರಜೆಗೆ ಬರದೆ ವರ್ಷವಾಯ್ತು."

"ಹಾಗಾದರೆ ಇದನ್ನು ಇಳಿಸಬೇಕಾಗುತ್ತದೆ," ಎಂದು ಷರತ್ತನ್ನು ವಿವರಿಸಿ ಚೌಕಟ್ಟಿಗೆ ಕೈ ಹಾಕಿದೆ.

ಅವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. "ಅಲ್ಲ ಸರ್, ನನಗೆ ತಪ್ಪಾಯ್ತು. ನಮ್ಮವರು ಮನೆಯಲ್ಲಿ ಒಂದು ಕರ್ಚೀಫೂ ಒಗೆದವರಲ್ಲ. ಇದು ಬೇರೆ ಯಾರೋ ಮಾರಾಯ್ರೆ."

ಹೇಳಿಕೆ ಸ್ಪಷ್ಟವಾಗಿತ್ತು. ನಾನು ಕೈ ತೆಗೆದೆ. ಬಾಗಿಲು ಹಾಕುವವರೆಗೂ ಆಕೆ ಆ ಪರಪುರುಷನ ಮುಂದಿನಿಂದ ಕದಲಲಿಲ್ಲ.